ಜಾವಾ ಆಪ್ಲೆಟ್ ತೆರೆಯದಿದ್ದಾಗ: ಕ್ಲಾಸ್‌ಪಾತ್ ಮತ್ತು ಅನುಮತಿ ದೋಷಗಳನ್ನು ಪತ್ತೆಹಚ್ಚುವ ಕ್ರಮ

ಭೌತಶಾಸ್ತ್ರದ ಪಾಠಕ್ಕೆಂದು ಬರೆದ ಲೋಲಕದ ಪ್ರಾತ್ಯಕ್ಷಿಕೆ, ಪ್ರಯೋಗಾಲಯದ ಉಪಕರಣವೊಂದರ ನಿರ್ವಹಣಾ ಪುಟ, ಹಳೆಯ ಸರ್ವರ್‌ನ ಕನ್ಸೋಲ್ ಮುಂತಾದವು ಆಪ್ಲೆಟ್ (ವೆಬ್ ಪುಟದೊಳಗೆ ಓಡುವ ಪುಟ್ಟ ಜಾವಾ ಪ್ರೋಗ್ರಾಂ) ರೂಪದಲ್ಲೇ ಉಳಿದುಕೊಂಡಿರುವ ಕಡೆ ಅವನ್ನು ಓಡಿಸುವ ಹೊಣೆ ಇಂದಿಗೂ ಯಾರದಾದರೂ ಹೆಗಲಿಗೆ ಬೀಳುತ್ತದೆ. ಕ್ಲಾಸ್ ಕಡತ (ಕಂಪೈಲ್ ಆದ ಜಾವಾ ಕೋಡ್) ಸಿಗದಿದ್ದರೂ, ಅನುಮತಿ ನಿರಾಕರಣೆಯಾದರೂ ಪುಟದಲ್ಲಿ ಕಾಣುವುದು ಹೆಚ್ಚುಕಡಿಮೆ ಒಂದೇ ಬಗೆಯ ಬೂದು ಚೌಕ. ಆದ್ದರಿಂದ ಮೊದಲು ಬೇಕಾದದ್ದು ಈ ಎರಡರಲ್ಲಿ ಯಾವುದು ಎಂಬ ನಿರ್ಣಯ.

ಅದಕ್ಕೂ ಮುನ್ನ ಬ್ರೌಸರ್ ಸರಿಯಿದೆಯೇ ನೋಡಿಕೊಳ್ಳಬೇಕು. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಆಪ್ಲೆಟ್ ಓಡಿಸುವ ಜಾವಾ ಪ್ಲಗ್‌ಇನ್‌ಗೆ ಬೆಂಬಲವನ್ನು ಕೈಬಿಟ್ಟವು. 2018ರಲ್ಲಿ ಬಂದ ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 11ರಲ್ಲಿ ಪ್ಲಗ್‌ಇನ್ ಆಗಲಿ, ಬ್ರೌಸರ್ ಇಲ್ಲದೆ ಆಪ್ಲೆಟ್ ಓಡಿಸಿ ನೋಡುವ ಆಪ್ಲೆಟ್‌ವ್ಯೂವರ್ ಆಗಲಿ ಇಲ್ಲ. ಹಾಗಾಗಿ ಜಾವಾ 8 ಮತ್ತು ಪ್ಲಗ್‌ಇನ್ ಒಪ್ಪುವ ಹಳೆಯ ಬ್ರೌಸರ್ ಇರುವ ಒಂದು ಯಂತ್ರವನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟು, ಅದನ್ನು ಹೊರಗಿನ ಅಂತರ್ಜಾಲದಿಂದ ದೂರವಿಡುವುದು ಕ್ಷೇಮ. ಬ್ರೌಸರ್ 32 ಬಿಟ್‌ನದಾದರೆ ಜಾವಾ ಕೂಡ 32 ಬಿಟ್‌ನದೇ ಆಗಿರಬೇಕು.

ಈಗ ಜಾವಾ ಕಂಟ್ರೋಲ್ ಪ್ಯಾನೆಲ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಕನ್ಸೋಲ್ ತೋರಿಸುವ ಆಯ್ಕೆಯನ್ನು ಗುರುತು ಮಾಡಿ, ಪುಟವನ್ನು ಮತ್ತೆ ತೆರೆಯಿರಿ. ಕನ್ಸೋಲ್ ಕಿಟಕಿಯಲ್ಲಿ 5ರ ಕೀಲಿ ಒತ್ತಿದರೆ ಅತ್ಯಂತ ವಿವರವಾದ ದಾಖಲೆ ದೊರೆಯುತ್ತದೆ. ಎಕ್ಸ್ ಕೀಲಿ ಕ್ಲಾಸ್‌ಲೋಡರ್‌ನ ಸಂಗ್ರಹವನ್ನು ತೆರವುಗೊಳಿಸುತ್ತದೆ. ಸರ್ವರ್‌ನಲ್ಲಿ ಜಾರ್ (ಕ್ಲಾಸ್‌ಗಳನ್ನು ಒಟ್ಟಿಗೆ ಕಟ್ಟಿದ ಕಡತ) ಬದಲಿಸಿದ ಪ್ರತಿ ಬಾರಿಯೂ ಕಂಟ್ರೋಲ್ ಪ್ಯಾನೆಲ್‌ನಿಂದ ತಾತ್ಕಾಲಿಕ ಕಡತಗಳನ್ನೂ ಅಳಿಸಬೇಕು. ಇಲ್ಲವಾದರೆ ನಿನ್ನೆಯ ಜಾರ್ ಓಡುತ್ತಿರುವಾಗ ಇಂದಿನ ತಿದ್ದುಪಡಿಯನ್ನು ಅನುಮಾನಿಸುತ್ತ ಕೂರಬೇಕಾಗುತ್ತದೆ.

ಕನ್ಸೋಲ್‌ನಲ್ಲಿ ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್ ಎಂದಿದ್ದರೆ ದೋಷ ಹಾದಿಯದು. ಇಲ್ಲಿ ಬಹುತೇಕರು ಎಡವುವುದು ಒಂದೇ ಕಡೆ: ತಮ್ಮ ಗಣಕದ ಕ್ಲಾಸ್‌ಪಾತ್ (ಕ್ಲಾಸ್‌ಗಳನ್ನು ಹುಡುಕಬೇಕಾದ ಜಾಗಗಳ ಪಟ್ಟಿ) ಚರಾಂಶದಲ್ಲಿ ಬರೆದದ್ದನ್ನು ಬ್ರೌಸರ್ ಕೂಡ ಓದುತ್ತದೆ ಎಂದು ಅವರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಆಪ್ಲೆಟ್ ಓಡುವುದು ಬಳಕೆದಾರರ ಯಂತ್ರದಲ್ಲಿ, ಅದರ ಕ್ಲಾಸ್‌ಗಳು ಬರುವುದು ಸರ್ವರ್‌ನಿಂದ; ಹೀಗಾಗಿ ಪುಟದ ಆಪ್ಲೆಟ್ ಟ್ಯಾಗ್‌ನಲ್ಲಿರುವ ಕೋಡ್‌ಬೇಸ್ ಮತ್ತು ಆರ್ಕೈವ್ ಗುಣಗಳೇ ಅದರ ಕ್ಲಾಸ್‌ಪಾತ್. ಆಪ್ಲೆಟ್‌ವ್ಯೂವರ್‌ನಲ್ಲಿ ಸರಾಗವಾಗಿ ಓಡಿದ್ದು ಬ್ರೌಸರ್‌ನಲ್ಲಿ ಮುಗ್ಗರಿಸಿದರೆ ಆ ಚರಾಂಶವನ್ನು ತೆಗೆದುಹಾಕಿ ಮತ್ತೊಮ್ಮೆ ಪರೀಕ್ಷಿಸಿ. ಕೋಡ್‌ಬೇಸ್ ಬರೆಯದಿದ್ದರೆ ಪುಟ ಇರುವ ಕಡತಕೋಶವೇ ಮೂಲವಾಗುತ್ತದೆ. ಆರ್ಕೈವ್‌ನಲ್ಲಿನ ಜಾರ್‌ಗಳ ವಿಳಾಸವನ್ನು ಆ ಮೂಲದಿಂದಲೇ ಎಣಿಸಲಾಗುತ್ತದೆ. ಗ್ರಂಥಾಲಯದ ಜಾರ್‌ಗಳನ್ನೂ ಅಲ್ಲಿಯೇ ಸೇರಿಸಿ, ನಡುವೆ ಅಲ್ಪವಿರಾಮ ಹಾಕಬೇಕು. ವಿಂಡೋಸ್ ಆದೇಶ ಸಾಲಿನ ರೂಢಿಯಂತೆ ಅರ್ಧವಿರಾಮ ಹಾಕಿದರೆ ಕೆಲಸ ಕೆಡುತ್ತದೆ. ವಿಂಡೋಸ್‌ನಲ್ಲಿ ಸಿದ್ಧಪಡಿಸಿ ಲಿನಕ್ಸ್ ಸರ್ವರ್‌ಗೆ ಏರಿಸಿದ ಕಡತಗಳ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನೂ ಗಮನಿಸಬೇಕು.

ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಜೊತೆಗೆ ಹೆಸರು ತಪ್ಪಾಗಿದೆ ಎಂಬ ಸೂಚನೆ ಬಂದರೆ ಕಡತ ಸಿಕ್ಕಿದೆ, ಆದರೆ ಪ್ಯಾಕೇಜಿನ (ಕ್ಲಾಸ್‌ಗಳ ಗುಂಪಿನ) ಹೆಸರು ಕೂಡಿಬಂದಿಲ್ಲ ಎಂದರ್ಥ. ಕೋಡ್ ಗುಣದಲ್ಲಿ ಪ್ಯಾಕೇಜ್ ಸಹಿತ ಪೂರ್ಣ ಹೆಸರನ್ನು ಬರೆದು, ಜಾರ್‌ನೊಳಗಿನ ಕಡತಕೋಶಗಳೂ ಅದೇ ಕ್ರಮದಲ್ಲಿವೆ ಎಂದು ಖಚಿತಪಡಿಸಿಕೊಳ್ಳಿ. ಕ್ಲಾಸ್ ಆವೃತ್ತಿ 52 ಎಂಬ ದೂರು ಬಂದರೆ ಜಾವಾ 8ಕ್ಕೆ ಕಂಪೈಲ್ ಮಾಡಿದ್ದನ್ನು ಹಳೆಯ ಜಾವಾ ಓಡಿಸಲು ಹೊರಟಿದೆ.

ಇನ್ನೊಂದು ದೋಷ ಮಾತ್ರ ನಿಜಕ್ಕೂ ದಾರಿ ತಪ್ಪಿಸುವಂಥದ್ದು. ಕ್ಲಾಸ್‌ಫಾರ್ಮ್ಯಾಟ್‌ಎರರ್ ಕಾಣಿಸಿಕೊಂಡು, ಮ್ಯಾಜಿಕ್ ಮೌಲ್ಯ (ಕಡತದ ಮೊದಲ ನಾಲ್ಕು ಬೈಟ್‌ಗಳ ಸಂಖ್ಯೆ) 1008813135 ಎಂದು ಇದ್ದಾಗ ಕಡತ ಹಾಳಾಗಿದೆ ಎಂದುಕೊಂಡು ಮತ್ತೆ ಮತ್ತೆ ಕಂಪೈಲ್ ಮಾಡುವವರಿದ್ದಾರೆ. ಆ ಸಂಖ್ಯೆಯನ್ನು ನಾಲ್ಕು ಬೈಟ್‌ಗಳಾಗಿ ಬಿಡಿಸಿದರೆ 60, 33, 68, 79 ಸಿಗುತ್ತವೆ. ಅವು ಎಚ್‌ಟಿಎಂಎಲ್ ಪುಟದ ಡಾಕ್‌ಟೈಪ್ ಘೋಷಣೆಯ ಮೊದಲ ನಾಲ್ಕು ಅಕ್ಷರಗಳು. ಕ್ಲಾಸ್ ಇಲ್ಲದ ಕಡೆ ಸರ್ವರ್ ಒಂದು ಪುಟವನ್ನು, ಬಹುಶಃ ಲಾಗಿನ್ ಪುಟವನ್ನು, ಕಳುಹಿಸಿದೆ. ಜಾವಾ ಅದನ್ನೇ ಕ್ಲಾಸ್ ಎಂದು ಓದಲು ಯತ್ನಿಸಿದೆ. ಜಾರ್‌ನ ಪೂರ್ಣ ವಿಳಾಸವನ್ನು ಬ್ರೌಸರ್‌ನಲ್ಲಿ ನೇರವಾಗಿ ತೆರೆದರೆ ಸತ್ಯ ತಿಳಿಯುತ್ತದೆ.

ಆಕ್ಸೆಸ್‌ಕಂಟ್ರೋಲ್‌ಎಕ್ಸೆಪ್ಷನ್ ಬಂದರೆ ಕ್ಲಾಸ್‌ಗಳು ಸಿಕ್ಕಿವೆ, ತಡೆದಿರುವುದು ಭದ್ರತಾ ವ್ಯವಸ್ಥೆ. ಅದೇ ಸಾಲಿನಲ್ಲಿ ಯಾವ ಅನುಮತಿ, ಯಾವುದರ ಮೇಲೆ ಎಂಬುದು ಬರೆದಿರುತ್ತದೆ. ಅದನ್ನು ಕೊನೆಯವರೆಗೂ ಓದಿ. ಸಾಕೆಟ್ (ಜಾಲ ಸಂಪರ್ಕದ) ಅನುಮತಿ ಎಂದಿದ್ದರೆ ಜಾರ್‌ನ ಡಿಜಿಟಲ್ ಸಹಿಯ ತಂಟೆಗೆ ಹೋಗುವ ಮೊದಲು ವಿಳಾಸವನ್ನು ಪರಿಶೀಲಿಸಿ: ಸಹಿಯಿಲ್ಲದ ಆಪ್ಲೆಟ್ ತಾನು ಬಂದ ಆತಿಥೇಯಕ್ಕೆ ಮಾತ್ರ ಸಂಪರ್ಕಿಸಬಲ್ಲದು. ಆತಿಥೇಯದ ಹೆಸರನ್ನು ಕೋಡ್‌ನಲ್ಲಿ ಅಚ್ಚೊತ್ತಿದಂತೆ ಬರೆಯದೆ ಗೆಟ್‌ಕೋಡ್‌ಬೇಸ್ ವಿಧಾನದಿಂದ ಪಡೆದರೆ ಇಂಥ ಎಷ್ಟೋ ದೋಷಗಳು ಅಲ್ಲಿಗೇ ನಿಲ್ಲುತ್ತವೆ. ಸ್ಥಳೀಯ ಕಡತವನ್ನು ಓದುವುದು, ಬಳಕೆದಾರರ ಹೋಮ್ ಕಡತಕೋಶವನ್ನು ತಿಳಿಯುವುದು ಮುಂತಾದವಕ್ಕೆ ಸಹಿ ಹಾಕಿದ ಜಾರ್ ಬೇಕು.

ಸಹಿಯ ವಿಷಯದಲ್ಲಿ ಕ್ರಮ ಮುಖ್ಯ. 2014ರ ಜನವರಿಯಲ್ಲಿ ಬಂದ ಜಾವಾ 7 ಅಪ್‌ಡೇಟ್ 51ರಿಂದ ಮುಖ್ಯ ಜಾರ್‌ನ ಮ್ಯಾನಿಫೆಸ್ಟ್‌ನಲ್ಲಿ (ಜಾರ್‌ನ ವಿವರಗಳಿರುವ ಪಠ್ಯ ಕಡತದಲ್ಲಿ) ಪರ್ಮಿಷನ್ಸ್ ಎಂಬ ಗುಣ ಕಡ್ಡಾಯವಾಯಿತು. ಅದರ ಮೌಲ್ಯ ಸ್ಯಾಂಡ್‌ಬಾಕ್ಸ್ (ಸೀಮಿತ ಅನುಮತಿ) ಅಥವಾ ಆಲ್-ಪರ್ಮಿಷನ್ಸ್ (ಎಲ್ಲ ಅನುಮತಿ) ಆಗಿರಬೇಕು. ಮ್ಯಾನಿಫೆಸ್ಟ್‌ಗೆ ಸೇರಿಸುವ ಪಠ್ಯದ ಕೊನೆಯ ಸಾಲಿನ ನಂತರ ಎಂಟರ್ ಒತ್ತಿರದಿದ್ದರೆ ಆ ಸಾಲನ್ನು ಜಾರ್ ಉಪಕರಣ ಕೈಬಿಡಬಹುದು. ಮೊದಲು ಮ್ಯಾನಿಫೆಸ್ಟ್ ತಿದ್ದಿ, ಆಮೇಲೆ ಸಹಿ ಹಾಕುವ ಉಪಕರಣವಾದ ಜಾರ್‌ಸೈನರ್‌ನಿಂದ ಸಮಯಮುದ್ರೆ ಸಹಿತ ಸಹಿ ಹಾಕಿ, ಕೊನೆಗೆ ವೆರಿಫೈ ಆಯ್ಕೆಯಿಂದ ಪರೀಕ್ಷಿಸಿ. ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನ ಬಳಸಿದ ಸಹಿಗಳನ್ನು 2017ರ ಏಪ್ರಿಲ್‌ನ ಅಪ್‌ಡೇಟ್ 131ರಿಂದ ಜಾವಾ 8 ಸಹಿಯೇ ಇಲ್ಲವೆಂಬಂತೆ ನೋಡುತ್ತದೆ. ಏನೂ ಬದಲಿಸದೆ ಒಂದು ದಿನ ದಿಢೀರನೆ ನಿಂತುಹೋದ ಆಪ್ಲೆಟ್‌ಗಳಲ್ಲಿ ಮೊದಲು ನೋಡಬೇಕಾದ ಕಾರಣ ಇದು.

ಸಹಿ ಸರಿಯಾಗಿದ್ದರೂ ಪುಟದ ಜಾವಾಸ್ಕ್ರಿಪ್ಟ್‌ನಿಂದ ಕರೆದ ವಿಧಾನ ಮಾತ್ರ ನಿರಾಕರಣೆಗೆ ಒಳಗಾಗಬಹುದು. ಕರೆಯ ಸರಪಣಿಯಲ್ಲಿರುವ ಎಲ್ಲರಿಗೂ ಅನುಮತಿ ಇದೆಯೇ ಎಂದು ಜಾವಾ ನೋಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಅದು ಇರುವುದಿಲ್ಲ. ಕಡತ ಮುಟ್ಟುವ ಆ ಕೆಲವೇ ಸಾಲುಗಳನ್ನು ಡೂಪ್ರಿವಿಲೆಜ್ಡ್ (ಕರೆದವರ ಅನುಮತಿ ನೋಡದೆ ಓಡಿಸುವ ವಿಧಾನ) ಒಳಗೆ ಇರಿಸಿ. ಜಾವಾಸ್ಕ್ರಿಪ್ಟ್ ಕೊಟ್ಟ ಕಡತದ ಹೆಸರನ್ನು ಪರಿಶೀಲಿಸದೆ ಅದರೊಳಗೆ ಬಳಸಬಾರದು. ಬಳಸಿದರೆ ಪುಟವನ್ನು ತಿದ್ದಬಲ್ಲ ಯಾರಿಗಾದರೂ ಬಳಕೆದಾರರ ಡಿಸ್ಕ್ ತೆರೆದಿಟ್ಟಂತಾಗುತ್ತದೆ.

ಆಪ್ಲೆಟ್‌ನ ಮೂಲ ಕೋಡ್ ಕೈಯಲ್ಲಿಲ್ಲದಾಗ, ಮತ್ತೆ ಸಹಿ ಹಾಕುವ ಅವಕಾಶವೂ ಇಲ್ಲದಾಗ, ಆ ಒಂದೇ ವಿಳಾಸವನ್ನು ಕಂಟ್ರೋಲ್ ಪ್ಯಾನೆಲ್‌ನ ಎಕ್ಸೆಪ್ಷನ್ ಸೈಟ್ (ವಿನಾಯಿತಿ ತಾಣಗಳ) ಪಟ್ಟಿಗೆ ಸೇರಿಸಬಹುದು. ಜಾವಾದ ಅನುಮತಿಗಳನ್ನು ಬರೆದಿಡುವ ಪಾಲಿಸಿ ಕಡತದಲ್ಲಿ ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಸಾಲನ್ನು ಬರೆಯುವ ಸಲಹೆ ಹಲವೆಡೆ ಸಿಗುತ್ತದೆ; ಅದು ಆ ಯಂತ್ರಕ್ಕೆ ಬರುವ ಪ್ರತಿಯೊಂದು ಆಪ್ಲೆಟ್‌ಗೂ ಅನ್ವಯಿಸುವುದರಿಂದ ಅದನ್ನು ಅನುಸರಿಸಬೇಡಿ. ಕೆಲಸ ಮುಗಿದ ಕೂಡಲೇ ಪಟ್ಟಿಯಿಂದ ವಿಳಾಸವನ್ನು ತೆಗೆಯಿರಿ.