ಕೋಲಾರದ ಸೆಕೆಯಲ್ಲೂ ಆಲ್ಫಾ ಕಣದ ಜಾಡು ಕಂಡಿತು: ನನ್ನ ಅನುಭವ

ಪಿಯು ಮಕ್ಕಳಿಗೆ ವಿಕಿರಣಶೀಲತೆಯನ್ನು ಬೋರ್ಡ್ ಮೇಲೆ ಬರೆದು ಮುಗಿಸುವುದು ನನಗೆ ಯಾವತ್ತೂ ಒಗ್ಗಲಿಲ್ಲ. ಕ್ಲೌಡ್ ಚೇಂಬರ್, ಅಂದರೆ ಕಣ್ಣಿಗೆ ಕಾಣದ ವಿಕಿರಣ ಕಣಗಳು ಆವಿಯಲ್ಲಿ ಬಿಡುವ ಜಾಡು ತೋರಿಸುವ ಡಬ್ಬಿ, ಮಾಡ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು ನಂಬಲಿಲ್ಲ. ಕೋಲಾರದ ಸೆಕೆಗೆ ಅದೆಲ್ಲ ಆಗಲ್ಲ, ವಿಡಿಯೋ ತೋರಿಸಿ ಸಾಕು ಅಂದರು. ಈಗ ಅವರೇ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ.

ರಚನೆ ಸರಳ. ಮೇಲೆ ಆಲ್ಕೋಹಾಲಿನಲ್ಲಿ ನೆನೆಸಿದ ಫೆಲ್ಟ್, ಕೆಳಗೆ ಕಪ್ಪು ತಗಡು, ಅದರಡಿ ಡ್ರೈ ಐಸ್, ಅಂದರೆ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಮೇಲಿಂದ ಇಳಿಯುವ ಆವಿ ಕೆಳಗೆ ತೀರಾ ತಣ್ಣಗಾಗಿ, ಕಣ ಹಾದ ದಾರಿಯಲ್ಲಿ ಹನಿಗಟ್ಟಿ ಜಾಡಾಗುತ್ತದೆ. ದುಡ್ಡು ಉಳಿಸೋಣ ಅಂತ ಮೊದಲು ಐಸಿಗೆ ಉಪ್ಪು ಬೆರೆಸಿ ನೋಡಿದೆ. ಎಷ್ಟೇ ಸುರಿದರೂ ಅದು -21 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಜಾಡು ಮೂಡಲಿಲ್ಲ. ಆಮೇಲೆ ಕರೆಂಟು ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಪ್ಲೇಟ್, ಫ್ಯಾನ್, ಹಳೆ ಕಂಪ್ಯೂಟರಿನ ಪವರ್ ಸಪ್ಲೈ ಅಂತ ಮೂರು ಸಾವಿರದ ಹತ್ತಿರ ಹೋಯಿತು. ಏಪ್ರಿಲ್ ತಿಂಗಳಲ್ಲಿ ಅದರ ಬಿಸಿ ಬದಿಯನ್ನು ತಣ್ಣಗಿಡುವುದೇ ಆಗಲಿಲ್ಲ. ಕೊನೆಗೆ -78 ಡಿಗ್ರಿಯ ಡ್ರೈ ಐಸೇ ಗತಿಯಾಯಿತು. ಬೆಂಗಳೂರಿನಿಂದ ಬೈಕಿನಲ್ಲಿ ಐದು ಕೆಜಿ ತಂದರೆ ಮನೆ ಸೇರುವಷ್ಟರಲ್ಲಿ ಅರ್ಧ ಕೆಜಿ ಆವಿಯಾಗಿರುತ್ತದೆ. ಐಸಿಗೆ ಐನೂರು ಚಿಲ್ಲರೆ, ಪೆಟ್ರೋಲ್ ಬೇರೆ. ಥರ್ಮೋಕೋಲ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತದೆ. ರೂಮಿನ ಕಿಟಕಿಯೂ ತೆಗೆದಿರಲಿ.

ನಿಜವಾದ ಗುಟ್ಟು ಆಲ್ಕೋಹಾಲಿನಲ್ಲಿದೆ. ಸರ್ಜಿಕಲ್ ಸ್ಪಿರಿಟ್ ಹಾಕಿದೆ, ಬರೀ ಮಸುಕು. 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಅಷ್ಟೇ, ನೀರು ಜಾಸ್ತಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವ 99 ಪರ್ಸೆಂಟಿನದು ತಂದ ದಿನವೇ ಕೆಲಸ ಆಯಿತು. ಲೀಟರಿಗೆ ಮುನ್ನೂರರ ಆಸುಪಾಸು. ಐಸೋಮರ್, ಅಂದರೆ ಅವೇ ಪರಮಾಣುಗಳು ಬೇರೆ ಜೋಡಣೆಯಲ್ಲಿರುವ ವಸ್ತುಗಳ ಪಾಠವನ್ನೂ ಆ ಬಾಟಲಿ ಹಿಡಿದೇ ಮಾಡಿಬಿಟ್ಟೆ. ಮೂರು ಕಾರ್ಬನ್, ಎಂಟು ಹೈಡ್ರೋಜನ್, ಒಂದು ಆಕ್ಸಿಜನ್. ಓಎಚ್ ಗುಂಪು ತುದಿಯ ಕಾರ್ಬನ್ನಿಗೆ ಇದ್ದರೆ ಕುದಿಯುವುದು 97 ಡಿಗ್ರಿಯಲ್ಲಿ, ನಡುವಿನ ಕಾರ್ಬನ್ನಿಗೆ ಬಂದರೆ 82 ಡಿಗ್ರಿಯಲ್ಲೇ. ಮಕ್ಕಳು ಇದನ್ನು ಇವತ್ತಿಗೂ ಮರೆತಿಲ್ಲ.

ಚೇಂಬರಿನ ಅಂಚಿಗೆ ಗಾಳಿ ನುಗ್ಗದಂತೆ ಏನು ಮೆತ್ತುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅಡುಗೆಮನೆಯಲ್ಲೇ ಸಿಗುತ್ತದೆ, ಹುಡುಕಿಕೊಳ್ಳಿ. ಟಾರ್ಚ್ ಇಡುವ ಕೋನವೂ ನನ್ನ ಹತ್ತಿರವೇ ಇರಲಿ.

ವಿಕಿರಣಕ್ಕೆ ಹಳೆ ಗ್ಯಾಸ್‌ಲೈಟ್ ಮ್ಯಾಂಟಲ್, ಅಂದರೆ ಉರಿಯ ಮೇಲೆ ಬೆಳಗುವ ಬಲೆಯ ಚೀಲ ಬೇಕು. ಅದರಲ್ಲಿ ವಿಕಿರಣಶೀಲ ಥೋರಿಯಂ ಇರುತ್ತದೆ. ಈಗ ಬರುವ ಎಷ್ಟೋ ಮ್ಯಾಂಟಲ್‌ಗಳಲ್ಲಿ ವಿಕಿರಣವಿಲ್ಲದ ಯಿಟ್ರಿಯಂ ಹಾಕಿರುತ್ತಾರೆ, ಅವು ದಂಡ. ಉತ್ಸವ, ಮೆರವಣಿಗೆಗೆ ದೀಪ ಬಾಡಿಗೆ ಕೊಡುತ್ತಿದ್ದ ಒಬ್ಬರ ಅಟ್ಟದಲ್ಲಿ ಹಳೆಯವು ಸಿಕ್ಕವು. ಉರಿಸದೇ ಇರುವುದನ್ನೇ ಬಳಸಿ, ಗ್ಲೌಸ್ ಹಾಕಿ. ಉರಿಸಿದ್ದು ಪುಡಿಯಾಗುತ್ತದೆ, ಆ ಬೂದಿ ಉಸಿರಿಗೆ ಸೇರಬಾರದು. ತುಂಡೊಂದನ್ನು ಒಳಗಿಟ್ಟು ಹತ್ತು ನಿಮಿಷ ಬಿಟ್ಟರೆ ದಪ್ಪ, ಗಿಡ್ಡ, ಬೆಳ್ಳಗಿನ ಎಳೆಗಳು ಚಿಮ್ಮುತ್ತವೆ, ಹತ್ತಿ ಬತ್ತಿ ಹೊಸೆದ ಹಾಗೆ. ಇವೇ ಆಲ್ಫಾ ಕಣದ ಜಾಡು. ಕಾಗದ ಅಡ್ಡ ಇಟ್ಟರೆ ಮಾಯ.

ಬಾಳೆಹಣ್ಣು, ಇದ್ದಿಲು, ಇಲ್ಲಿನ ಗ್ರಾನೈಟ್ ಪುಡಿ ಎಲ್ಲವನ್ನೂ ಇಟ್ಟು ನೋಡಿದೆವು. ಏನೂ ಕಾಣಲಿಲ್ಲ. ಇದ್ದಿಲಲ್ಲಿ ವಿಕಿರಣಶೀಲ ಕಾರ್ಬನ್-14 ಇಲ್ವಾ ಸರ್ ಅಂತ ಒಬ್ಬಳು ಕೇಳಿದಳು. ಇದೆ, ಆದರೆ ತೀರಾ ಕಮ್ಮಿ, ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, 5730 ವರ್ಷ. ಏನೂ ಇಡದಿದ್ದರೂ ಆಗಾಗ ಉದ್ದನೆಯ ಸಣ್ಣ ಗೆರೆ ಹಾದುಹೋಗುತ್ತದೆ, ಹೆಚ್ಚಿನವು ಆಕಾಶದಿಂದ ಬಂದ ಮ್ಯೂಯಾನ್ ಅನ್ನುವ ಕಣಗಳು. ಇವುಗಳ ಕಾಟ ತಪ್ಪಿಸಲೆಂದೇ ವಿಜ್ಞಾನಿಗಳು ನಮ್ಮ ಕೆಜಿಎಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊ ಕಣಗಳನ್ನು ಹಿಡಿದರು. ಅಷ್ಟು ಹತ್ತಿರ ಇದ್ದೂ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲ ಅಂದರೆ ನನಗೆ ಸಂಕಟ ಆಗುತ್ತದೆ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅರ್ಧಾಯು ಅಳೆದದ್ದು. ಮ್ಯಾಂಟಲ್‌ಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿಟ್ಟು, ಬಾಟಲಿಯ ಬಾಯಿಗೆ ದಟ್ಟ ಬಟ್ಟೆ ಕಟ್ಟಿ, ಒಳಗಿನ ಗಾಳಿಯನ್ನು ಮಾತ್ರ ಚೇಂಬರಿಗೆ ಒತ್ತಿದೆ. ಅದರಲ್ಲಿ ಥೋರಿಯಂ ಸರಣಿಯಲ್ಲಿ ಹುಟ್ಟುವ ವಿಕಿರಣಶೀಲ ಅನಿಲ ರೇಡಾನ್-220 ಇರುತ್ತದೆ. ಅದು ಒಡೆದ ಕೂಡಲೇ ಹುಟ್ಟುವ ಪೊಲೋನಿಯಂ ಕೂಡ ಕ್ಷಣದಲ್ಲೇ ಒಡೆಯುವುದರಿಂದ ಎರಡು ಗೆರೆ ಒಂದೇ ಕಡೆಯಿಂದ ಕವಲೊಡೆದು ಕಾಣುತ್ತವೆ. ಮೊಬೈಲಿನಲ್ಲಿ ವಿಡಿಯೋ ಹಿಡಿದು ಮಕ್ಕಳೇ ನಿಧಾನ ಮಾಡಿ ಎಣಿಸಿದರು. ಎಣಿಕೆ ಅರ್ಧಕ್ಕೆ ಇಳಿಯಲು ಒಂದು ನಿಮಿಷದ ಹತ್ತಿರ ಬಂತು. ಪುಸ್ತಕದ ಲೆಕ್ಕ 55.6 ಸೆಕೆಂಡ್.