ನಾಲ್ಕನೇ ಟ್ಯೂಬು

ಕಾಸರಗೋಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಮೈಕ್ರೋಬಯಾಲಜಿಸ್ಟ್. ಮಕ್ಕಳ ಬೆನ್ನುನೀರು, ಅಂದರೆ ಸಿಎಸ್‌ಎಫ್, ನನ್ನ ಟೇಬಲಿಗೆ ಬರುವುದು ಮೂರು ಪುಟ್ಟ ಟ್ಯೂಬುಗಳಲ್ಲಿ. ಸಾಮಾನ್ಯವಾಗಿ ಬಾವಿ ನೀರಿನ ಹಾಗೆ ತಿಳಿಯಾಗಿರುತ್ತದೆ. ಆ ಜುಲೈ ಸಂಜೆ ಬಂದದ್ದು ಗಂಜಿ ತಿಳಿಯ ಹಾಗಿತ್ತು.

ಬದಿಯಡ್ಕದ ಆಚೆಯ ಹತ್ತು ತಿಂಗಳ ಮಗು. ಎರಡು ದಿನ ಜ್ವರ, ಮೂರನೇ ದಿನ ಫಿಟ್ಸ್. ಊರಿನ ಕ್ಲಿನಿಕ್ಕಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ಕಿನ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಕೊಟ್ಟದ್ದು ಸರಿಯೇ. ಮೆದುಳು ಜ್ವರದ, ಅಂದರೆ ಮೆನಿಂಜೈಟಿಸ್‌ನ, ಅನುಮಾನ ಬಂದ ಮೇಲೆ ಕಾಯುತ್ತಾ ಕೂರಬಾರದು. ಕಷ್ಟ ನಮ್ಮದು. ಇಂಜೆಕ್ಷನ್ ಬಿದ್ದ ಕೆಲವೇ ಗಂಟೆಗಳಲ್ಲಿ ಬೆನ್ನುನೀರಿನ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಸತ್ತದ್ದು ಕಲ್ಚರಿನಲ್ಲಿ, ಅಂದರೆ ಪ್ಲೇಟಿನಲ್ಲಿ ಬೆಳೆಸಿ ನೋಡುವಾಗ, ಬೆಳೆಯುವುದಿಲ್ಲ ಅಲ್ವಾ?

ಡ್ಯೂಟಿ ಡಾಕ್ಟರ್ ಕೊಲ್ಲಂ ಕಡೆಯವರು, ಮಗುವಿನ ಅಜ್ಜಿಗೆ ಮಲಯಾಳ ಅಷ್ಟಕ್ಕಷ್ಟೆ. ಹಾಗಾಗಿ ನನ್ನನ್ನೇ ಕರೆದರು. "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಹೋಗ್ತದಂತೆ, ಹೌದಾ ಮೇಡಂ?" ಅಂತ ಅಜ್ಜಿ ಕೇಳಿದರು. "ಇಲ್ಲ ಅಮ್ಮ, ನರದ ಹುರಿ ಮೇಲೆಯೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ" ಅಂತ ನನ್ನ ಸೊಂಟವನ್ನೇ ಮುಟ್ಟಿ ತೋರಿಸಿದೆ. ಅಜ್ಜಿಗೆ ಅರ್ಧ ನಂಬಿಕೆ ಬಂತು. ಅಷ್ಟು ಸಾಕಾಯಿತು.

ಬಿಳಿ ಕಣ 1,400, ಹೆಚ್ಚಿನವು ನ್ಯೂಟ್ರೋಫಿಲ್ ಎಂಬ ಜಾತಿಯವು. ಸಕ್ಕರೆ 18. ಬಿಳಿ ಕಣ ಏರಿ ಸಕ್ಕರೆ ಇಳಿದರೆ ಬ್ಯಾಕ್ಟೀರಿಯಾದ ಅನುಮಾನ. ಬ್ಯಾಕ್ಟೀರಿಯಾಕ್ಕೆ ಬಣ್ಣ ಕೊಡುವ ಗ್ರಾಂ ಸ್ಟೇನ್ ಹಾಕಿ ಅರ್ಧ ಗಂಟೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತೆ, ಒಂದು ಬ್ಯಾಕ್ಟೀರಿಯಾವೂ ಸಿಗಲಿಲ್ಲ. ಮೂರು ದಿನವಾದರೂ ಕಲ್ಚರ್ ಪ್ಲೇಟ್ ಖಾಲಿ. ಮಗುವಿನ ಜ್ವರ ಪೂರ್ತಿ ಇಳಿದಿರಲಿಲ್ಲ. ಅರ್ಧ ಚಿಕಿತ್ಸೆ ಆದ ಮೆದುಳು ಜ್ವರವೂ ಮೆದುಳಿನ ಟಿಬಿಯೂ ಒಮ್ಮೊಮ್ಮೆ ಒಂದೇ ಥರ ಕಾಣುತ್ತವೆ. ಟಿಬಿ ಮಾತ್ರೆ ಶುರುಮಾಡೋಣವಾ ಅಂತ ವಾರ್ಡಿನಲ್ಲಿ ಮಾತು ಎದ್ದಿತು. ಶುರುಮಾಡಿದರೆ ಒಂದು ವರ್ಷ.

ಹೀಗಾದಾಗಲೇ 16ಎಸ್ ನೆನಪಾಗುವುದು. ಪ್ರತಿ ಬ್ಯಾಕ್ಟೀರಿಯಾದಲ್ಲೂ 16ಎಸ್ ಎಂಬ ಒಂದು ಜೀನ್ ಇದೆ, ಸುಮಾರು 1,500 ಅಕ್ಷರ ಉದ್ದ. ಕೆಲವು ಭಾಗ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ಥರ, ನಡುನಡುವೆ ಒಂಬತ್ತು ಕಡೆ ಜಾತಿಗೊಂದು ಥರ. ಒಂದೇ ಥರ ಇರುವ ಭಾಗಕ್ಕೆ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಂಡು ಕೂರಿಸಿ ಪಿಸಿಆರ್ ಮಾಡಬೇಕು, ಅಂದರೆ ಆ ಜೀನಿನ ನಕಲುಗಳನ್ನು ಹೆಚ್ಚಿಸಬೇಕು, ಬೇರೆ ಬೇರೆ ಇರುವ ಭಾಗವನ್ನು ಓದಬೇಕು. ಬ್ಯಾಕ್ಟೀರಿಯಾ ಸತ್ತಿದ್ದರೂ ಅದರ ಡಿಎನ್‌ಎ ಸ್ವಲ್ಪ ದಿನ ಉಳಿದಿರುತ್ತದೆ. ನಾನು ಓದಿಸುವುದು ಮೊದಲಿನ 500 ಅಕ್ಷರ ಮಾತ್ರ. ಪಿಸಿಆರ್ ಇಲ್ಲೇ, ಕೋವಿಡ್ ಸಮಯದಲ್ಲಿ ಬಂದ ಯಂತ್ರದಲ್ಲಿ. ಸೀಕ್ವೆನ್ಸಿಂಗಿಗೆ ಬೆಂಗಳೂರಿಗೆ ಕೊರಿಯರ್.

ಕೇಳಲಿಕ್ಕೆ ಸುಲಭ. ಆದರೆ ಈ ಮಗು ಬರುವ ಒಂದು ವರ್ಷ ಮೊದಲು ನಾನು ಸರಿಯಾಗಿ ಮುಗ್ಗರಿಸಿದ್ದೆ. ಹೊಸದಾಗಿ ಶುರುಮಾಡಿದ ಹುರುಪು. ಸಣ್ಣ ಪ್ರಮಾಣವೂ ತಪ್ಪಬಾರದು ಅಂತ ಪಿಸಿಆರನ್ನು 40 ಸೈಕಲ್, ಅಂದರೆ ನಕಲು ಮಾಡುವ 40 ಸುತ್ತು, ಓಡಿಸಿದೆ. ಪಿಸಿಆರ್ ಫಲ ತೋರಿಸುವ ಜೆಲ್ಲನ್ನು ನೀಲಿ ಬೆಳಕಿಗೆ ಹಿಡಿದರೆ ಆಗಿನ ಬೇರೊಂದು ಮಗುವಿನ ಸ್ಯಾಂಪಲಿನ ಸಾಲಿನಲ್ಲಿ ಗೆರೆ ಹೊಳೆಯಿತು. ಖುಷಿಯಾಯಿತು. ಪಕ್ಕದ ಸಾಲಿನಲ್ಲೂ ಮಂಕಾಗಿ ಒಂದು ಗೆರೆ. ಅದು ಬರೀ ನೀರು ಹಾಕಿದ ಸಾಲು! ಎರಡನ್ನೂ ಓದಿಸಿದೆ. ಎರಡೂ ರಾಲ್‌ಸ್ಟೋನಿಯಾ, ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಡಿಎನ್‌ಎ ತೆಗೆಯುವ ಕಿಟ್ಟಿನಲ್ಲೇ ಇಂಥವುಗಳ ಚೂರು ಇರುತ್ತದೆ. ನೀರಿನ ಸಾಲು ಇಡದೆ ಹೋಗಿದ್ದರೆ ಇಲ್ಲದ ರೋಗಾಣುವಿನ ಹೆಸರು ಬರೆದು ಸಹಿ ಹಾಕಿಬಿಡುತ್ತಿದ್ದೆ.

ಆಮೇಲೆ ಸ್ಟೋರ್ ರೂಮಿನ ಮೂಲೆಯೊಂದನ್ನು ಕೇಳಿ ಪಡೆದೆ. ಪಿಸಿಆರ್ ಮಿಶ್ರಣ ಮಾಡುವುದು ಅಲ್ಲಿ ಮಾತ್ರ. ಅಲ್ಲಿನ ಪಿಪೆಟ್ ಹೊರಗೆ ಬರುವುದಿಲ್ಲ, ಹೊರಗಿನ ಕೋಟು ಒಳಗೆ ಹೋಗುವುದಿಲ್ಲ. ನಮ್ಮ ಅಮ್ಮನ ಮಡಿಯನ್ನು ನೋಡಿ ನಗುತ್ತಿದ್ದವಳು ನಾನು, ಈಗ ನನ್ನದೇ ಜಾಸ್ತಿ. ಸೈಕಲ್ 32ಕ್ಕೆ ಇಳಿಸಿದೆ. ಸ್ಯಾಂಪಲಿನ ಜೊತೆ ನೀರನ್ನೂ ಮೊದಲ ಹಂತದಿಂದಲೇ ಕಿಟ್ಟಿನಲ್ಲಿ ಹಾಯಿಸುತ್ತೇನೆ, ಪಿಸಿಆರ್ ಹೊತ್ತಿಗೆ ಸೇರಿಸುವುದಲ್ಲ.

ಬದಿಯಡ್ಕದ ಮಗುವಿನ ಬೆನ್ನುನೀರನ್ನೂ ಹೀಗೇ ಮಾಡಿದೆ. ಸಣ್ಣ ಮಣಿಗಳ ಜೊತೆ ಟ್ಯೂಬನ್ನು ಜೋರಾಗಿ ಕುಲುಕಿದೆ. ಮಕ್ಕಳಲ್ಲಿ ಮೆದುಳು ಜ್ವರ ತರುವ ನ್ಯುಮೋಕಾಕಸಿನಂಥ ಗ್ರಾಂ ಪಾಸಿಟಿವ್‌ಗಳ ಗೋಡೆ ದಪ್ಪ, ಸುಮ್ನೆ ಒಡೆಯುವುದಿಲ್ಲ. ಗೆರೆ ಬಂತು, ನೀರಿನ ಸಾಲು ಖಾಲಿ. ಬೆಂಗಳೂರಿನಿಂದ ಫೈಲ್ ಬಂದದ್ದು ನಾಲ್ಕನೇ ದಿನ. ಡೇಟಾಬೇಸಿಗೆ ಹಾಕಿದರೆ ಮೊದಲ ಹೆಸರು ಸ್ಟ್ರೆಪ್ಟೊಕಾಕಸ್ ಮೈಟಿಸ್.

ಮೈಟಿಸ್ ನಮ್ಮೆಲ್ಲರ ಬಾಯಲ್ಲಿರುವ ಸಾಧು ಪ್ರಾಣಿ. ಸೂಜಿ ಹಾಕುವವರು ಮಾಸ್ಕ್ ಹಾಕದೆ ಮಾತಾಡಿದರೂ ಬಾಯಿಯದ್ದು ಬಂದು ಬೀಳಬಹುದು. ವಾರ್ಡಿನವರು "ಕಂಟಾಮಿನೇಷನ್ ಬಿಡಿ" ಅಂದರು. ನಾನು ಬಿಡಲಿಲ್ಲ. ಮೈಟಿಸ್ ಮತ್ತು ನ್ಯುಮೋಕಾಕಸ್‌ನ 16ಎಸ್ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಒಂದೇ. ಈ ಜೀನಿನಿಂದ ಅವೆರಡನ್ನು ಬೇರ್ಪಡಿಸಲಿಕ್ಕೆ ಆಗುವುದಿಲ್ಲ, ಮೊದಲು ಯಾವ ಹೆಸರು ಬರುತ್ತದೆ ಎಂಬುದಕ್ಕೆ ಬೆಲೆಯಿಲ್ಲ. ಉಳಿದ ಡಿಎನ್‌ಎಯಲ್ಲಿ ಲಿಟ್‌-ಎ ಜೀನಿಗೆ ಬೇರೆ ಪಿಸಿಆರ್ ಹಾಕಿದೆ, ಅದು ನ್ಯುಮೋಕಾಕಸ್ ಗುರುತಿಸುವ ಜೀನ್. ರಾತ್ರಿ ಎಂಟಕ್ಕೆ ಪಾಸಿಟಿವ್.

ಟಿಬಿ ಮಾತು ನಿಂತಿತು. ಒಟ್ಟು 14 ದಿನ ಇಂಜೆಕ್ಷನ್ ಅಂತ ತೀರ್ಮಾನವಾಯಿತು. ಯಾವ ಮದ್ದಿಗೆ ಬಗ್ಗುತ್ತದೆ ಅಂತ ಮಾತ್ರ 16ಎಸ್ ಹೇಳುವುದಿಲ್ಲ, ಅದಕ್ಕೆ ಕಲ್ಚರೇ ಬೇಕು. ಹಾಗಾಗಿ ಜೊತೆಗೆ ಕೊಡುತ್ತಿದ್ದ ಇನ್ನೊಂದು ಆಂಟಿಬಯಾಟಿಕ್ ವ್ಯಾಂಕೋಮೈಸಿನ್ ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಲಸಿಕೆ ಕಾರ್ಡ್ ನೋಡಿದೆ. ಕೇರಳದಲ್ಲಿ 2021ರಿಂದ ನ್ಯುಮೋಕಾಕಸ್ ಲಸಿಕೆ ಸರಕಾರಿಯಾಗಿ ಸಿಗುತ್ತದೆ. ಮಗುವಿಗೆ ಮೊದಲ ಡೋಸ್ ಮಾತ್ರ ಆಗಿತ್ತು, ಎರಡನೆಯದಕ್ಕೆ ಶೀತ ಇತ್ತು ಅಂತ ಹೋಗಿರಲಿಲ್ಲ.

ಆರು ವಾರದ ನಂತರ ಮಂಗಳೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದರು. ಬಲಗಿವಿ ಸರಿ ಇದೆ, ಎಡಗಿವಿ ಮಂದ.

2014ರಲ್ಲಿ ಅಮೆರಿಕದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬೆನ್ನುನೀರಿನ ಎಲ್ಲ ಡಿಎನ್‌ಎಯನ್ನೂ ಒಟ್ಟಿಗೆ ಓದಿ, 48 ಗಂಟೆಯಲ್ಲಿ ಇಲಿಜ್ವರದ ಲೆಪ್ಟೊಸ್ಪೈರಾ ಹಿಡಿದರು. ಪೆನಿಸಿಲಿನ್ನಿಗೆ ಹುಡುಗ ಚೇತರಿಸಿಕೊಂಡ. ಗದ್ದೆ ತೋಟದ ನಮ್ಮ ಊರಿಗೆ ಇಲಿಜ್ವರ ಹೊಸದಲ್ಲ. ಆ ಯಂತ್ರ ನಮ್ಮಲ್ಲಿಗೆ ಬರುವಾಗ ಬರಲಿ.

ಅಲ್ಲಿಯವರೆಗೆ ನಾನು ಮಾಡಿಕೊಂಡದ್ದು ಇಷ್ಟು. ಮೂರು ಟ್ಯೂಬಿನ ಜೊತೆ ನಾಲ್ಕನೆಯದನ್ನೂ ಕೇಳುತ್ತೇನೆ, ಹತ್ತು ಹನಿ. ಮೊದಲು ತೆರೆದದ್ದಾಗಿರಬಾರದು, ಸ್ಟೆರೈಲ್ ಇರಬೇಕು. ಬಂದ ಕೂಡಲೇ ಮೈನಸ್ 20ಕ್ಕೆ. ಕಲ್ಚರ್ ಬೆಳೆದರೆ ಅದು ಬೇಡ, ಬೆಳೆಯದಿದ್ದರೆ 16ಎಸ್‌ಗೆ ಅದೇ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ರೀಜರಿನ ಬಾಗಿಲು ಯಾರೂ ತೆರೆಯಬಾರದು ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿದ್ದೇನೆ. ಆದರೂ ಒಬ್ಬರು ಊಟದ ಡಬ್ಬಿ ಇಡಲಿಕ್ಕೆ ನೋಡಿದ್ದರು.