ಕಿಡ್ನಿ ಕೆಟ್ಟಾಗ ರಕ್ತನಾಳ ಕಾಯುವುದು ಹೇಗೆ?

ಕಿಡ್ನಿ ಕಾಯಿಲೆ ಅಂದ ಕೂಡಲೇ ಮನೆಮಂದಿಯೆಲ್ಲ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಎಷ್ಟಾಯಿತೆಂದು ಕೇಳುತ್ತಾರೆ. ಡಯಾಲಿಸಿಸ್ ರೋಗಿಗಳ ಜೀವಕ್ಕೆ ಹೆಚ್ಚು ಕುತ್ತು ತರುವುದು ಮಾತ್ರ ಹೃದಯ. ಕಿಡ್ನಿ ಹೊರಹಾಕದ ಫಾಸ್ಫರಸ್ ರಕ್ತದಲ್ಲಿ ಏರಿದರೆ ರಕ್ತನಾಳದ ಗೋಡೆಯ ಸ್ನಾಯುಕೋಶಗಳು ಎಲುಬಿನ ಕೋಶಗಳಂತೆ ಮಾರ್ಪಟ್ಟು ಅಲ್ಲಿ ಸುಣ್ಣ ಕಟ್ಟುತ್ತದೆ. (ಬೋರ್‌ವೆಲ್ ನೀರಿನಿಂದ ಪಾತ್ರೆಗೆ ಹಿಡಿಯುವ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ.) ನಾಳ ಬಿರುಸಾದಷ್ಟೂ ಬಿ.ಪಿ.ಯ ಮೇಲಿನ ಅಂಕಿ ಏರಿ, ಕೆಳಗಿನದು ಇಳಿಯುತ್ತದೆ. 170/70 ಇದ್ದರೆ 'ಕೆಳಗಿನದು ಚಲೋ ಅದ' ಎಂದು ಸುಮ್ಮನಿರಬೇಡಿ.

ಹೆಚ್ಚು ತಪ್ಪಾಗುವುದು ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವ ಗುಳಿಗೆಯಲ್ಲಿ. ಕ್ಯಾಲ್ಸಿಯಂ ಅಸಿಟೇಟ್, ಸೆವೆಲಾಮರ್ ಕೆಲಸ ಮಾಡುವುದು ಹೊಟ್ಟೆಯಲ್ಲಿರುವ ಅನ್ನದ ಜೊತೆಗೆ. ಎರಡು ತುತ್ತು ರೊಟ್ಟಿ ತಿಂದು, ಗುಳಿಗೆ ನುಂಗಿ, ಊಟ ಮುಂದುವರಿಸಿ. ಕ್ಯಾಲ್ಸಿಯಂ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಫಾಸ್ಫರಸ್ ಕಟ್ಟುವುದಿಲ್ಲ, ಮೇಲಾಗಿ ಆ ಕ್ಯಾಲ್ಸಿಯಂ ರಕ್ತ ಸೇರಿ ನಾಳಕ್ಕೇ ಹೊರೆ. ಊಟ ಬಿಟ್ಟ ಹೊತ್ತು ಗುಳಿಗೆಯೂ ಬೇಡ. ಕಬ್ಬಿಣದ ಗುಳಿಗೆ ಇದ್ದರೆ ಎರಡು ತಾಸು ಅಂತರವಿಡಿ.

ಫಾಸ್ಫರಸ್ಸಿಗೆ ಹೆದರಿ ತೊಗರಿ ಬೇಳೆಯನ್ನು ಪೂರ್ತಿ ಬಿಡುವವರಿದ್ದಾರೆ. ಬೇಳೆ-ಕಾಳಿನ ಫಾಸ್ಫರಸ್ಸಿನಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ; ಕೋಲಾ ಮತ್ತು ಪ್ಯಾಕೆಟ್ ತಿನಿಸಿಗೆ ಬೆರೆಸುವ ಫಾಸ್ಫೇಟ್ ಬಹುಪಾಲು ಹತ್ತುತ್ತದೆ. ಮೊದಲು ಬಿಡಬೇಕಾದದ್ದು ಅವನ್ನೇ. ಬೇಳೆಯ ಪ್ರಮಾಣ ಡಾಕ್ಟರ್ ಹೇಳಲಿ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಹೆಚ್ಚೇ ಬೇಕು.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಮಟ್ಟ ಮಾಡಿದ ಒಂದು ಚಹಾ ಚಮಚ. ಬೆಳಿಗ್ಗೆಯೇ ಅಷ್ಟನ್ನು ಸಣ್ಣ ಡಬ್ಬಿಗೆ ಹಾಕಿ, ರೋಗಿಯ ಅಡುಗೆಗೆ ಅದರಿಂದಲೇ ಬಳಸಿ. ಲೆಕ್ಕ ತಪ್ಪಿಸುವುದು ರೊಟ್ಟಿಯಲ್ಲ, ಪಕ್ಕದ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ; ಕೆಟ್ಟ ಕಿಡ್ನಿ ಅದನ್ನು ಹೊರಹಾಕದೆ ಎದೆಬಡಿತ ತಪ್ಪಬಹುದು, ಹಾಗಾಗಿ ಆ ಉಪ್ಪು ಬೇಡವೇ ಬೇಡ.

ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ನೀರಿನದೇ ಪೇಚು. ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯ ಲೆಕ್ಕ: ಹಿಂದಿನ ದಿನದ ಮೂತ್ರ ಎಷ್ಟೋ ಅಷ್ಟು, ಜೊತೆಗೆ 500 ಮಿ.ಲೀ. ಚಹಾ, ಮಜ್ಜಿಗೆ, ಸಾರು ಎಲ್ಲ ಇದರೊಳಗೇ. ಒಣ ತೂಕ (ಮೈಯ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) 50 ಕಿಲೋ ಇದ್ದವರಿಗೆ ಎರಡು ಡಯಾಲಿಸಿಸ್ ನಡುವೆ 2 ಕಿಲೋ ಏರಿಕೆ ದಾಟದಿರಲಿ. ಅದಕ್ಕಿಂತ ಹೆಚ್ಚು ನೀರನ್ನು ನಾಲ್ಕು ತಾಸಿನಲ್ಲಿ ಎಳೆದರೆ ಬಿ.ಪಿ. ಕುಸಿದು ಹೃದಯಕ್ಕೆ ಪೆಟ್ಟು. ಎಳನೀರು ಪೊಟ್ಯಾಸಿಯಂ ಏರಿಸುತ್ತದೆ. ಡಯಾಲಿಸಿಸ್ ಇಲ್ಲದ, ಬಾವೂ ಇಲ್ಲದ ರೋಗಿಗೆ ಈ ಲೆಕ್ಕ ಅನ್ವಯಿಸದು. ಬಿಸಿಲಲ್ಲಿ ನೀರು ಕಡಿಮೆಯಾದರೆ ಉಳಿದ ಕಿಡ್ನಿಗೂ ಹಾನಿ.

ಬಿ.ಪಿ. ನೋಡುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಕೂಡಿ. ತೋಳಿಗೆ ಕಟ್ಟುವ ಪಟ್ಟಿ ಎದೆಯ ಮಟ್ಟದಲ್ಲಿರಲಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಪಟ್ಟಿ ಕಟ್ಟಬೇಡಿ, ರಕ್ತಪರೀಕ್ಷೆಗೆ ಸೂಜಿಯೂ ಬೇಡ. ದಿನಾ ಬೆಳಿಗ್ಗೆ ಬೆರಳಿಟ್ಟು ಅದರ ಗುಂಯ್ ಅನ್ನುವ ನಡುಕ ನೋಡಿ. ನಿಂತಿದ್ದರೆ ಅಂದೇ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ತಂಬಾಕು ಯಾವ ರೂಪದಲ್ಲೂ ಬೇಡ.

ವಾರಕ್ಕೆ ಮೂರು ಡಯಾಲಿಸಿಸ್ ಇದ್ದವರಿಗೆ ಎರಡು ದಿನದ ಬಿಡುವೇ ಅಪಾಯದ ಕಾಲ. ಅದು ಹೆಚ್ಚಾಗಿ ರವಿವಾರಕ್ಕೇ ಬೀಳುತ್ತದೆ, ಮನೆಯಲ್ಲಿ ಮಟನ್ ಇರುವ ದಿನವೂ ಅದೇ. ಆ ದಿನ ನೀರು, ಉಪ್ಪಿನ ಅಳತೆ ಇನ್ನೂ ಬಿಗಿ ಇರಲಿ. ಮಲಗಿದರೆ ಉಸಿರು ಕಟ್ಟುವುದು, ಎದೆ ಬಿಗಿತ, ಕೈಕಾಲು ಸೋತು ಎದೆಬಡಿತ ತಪ್ಪುವುದು ಕಂಡರೆ ಸೋಮವಾರದ ಪಾಳಿಗೆ ಕಾಯದೆ 108ಕ್ಕೆ ಕರೆ ಮಾಡಿ.